ಮನೆಯ ಫೋನ್, ಇಂಟರ್ನೆಟ್ ಎನ್‌ಬಿಎನ್‌ಗೆ ಬದಲಿಸುವುದು: ಆಸ್ಟ್ರೇಲಿಯಾದ ಕನ್ನಡಿಗರಿಗೆ ಸಮಗ್ರ ಮಾರ್ಗದರ್ಶಿ

ಎನ್‌ಬಿಎನ್‌ಗೆ, ಅಂದರೆ ಆಸ್ಟ್ರೇಲಿಯಾದ ನ್ಯಾಷನಲ್ ಬ್ರಾಡ್‌ಬ್ಯಾಂಡ್ ನೆಟ್‌ವರ್ಕ್ ಎಂಬ ಸರ್ಕಾರಿ ಜಾಲಕ್ಕೆ, ಬದಲಾಗುವಾಗ ಆಗುವ ಎಡವಟ್ಟುಗಳಲ್ಲಿ ಹೆಚ್ಚಿನವನ್ನು ಆಮೇಲೂ ಸರಿಮಾಡಿಕೊಳ್ಳಬಹುದು. ಒಂದನ್ನು ಮಾತ್ರ ಸುಲಭಕ್ಕೆ ಸರಿಮಾಡಲಾಗುವುದಿಲ್ಲ. ಹೊಸ ಪ್ಲಾನ್ ತೆಗೆದುಕೊಂಡ ಕೂಡಲೇ ಹಳೆ ಕಂಪನಿಗೆ ಫೋನ್ ಮಾಡಿ "ನಮ್ಮ ಲೈನ್ ಬಂದ್ ಮಾಡಿಬಿಡಿ" ಅಂದುಬಿಡುವುದು. ಲೈನ್ ಬಂದ್ ಆಯಿತೆಂದರೆ ಅದರ ಲ್ಯಾಂಡ್‌ಲೈನ್ ನಂಬರೂ ಹೋಯಿತು. ಹದಿನೈದು ವರ್ಷದಿಂದ ಊರಿನವರು, ಡಾಕ್ಟರು, ಮಕ್ಕಳ ಶಾಲೆಯವರು ಎಲ್ಲ ಬರೆದಿಟ್ಟುಕೊಂಡ ನಂಬರ್ ಅದು. ವಾಪಸ್ ಸಿಗುವ ಖಾತ್ರಿ ಇಲ್ಲ. ಆದ್ದರಿಂದ ಮುಂದಿನದನ್ನೆಲ್ಲ ಓದಲು ಪುರುಸೊತ್ತಿಲ್ಲದವರು ಇಷ್ಟು ನೆನಪಿಟ್ಟುಕೊಂಡರೆ ಸಾಕು: ಹೊಸದು ಬಂದು, ನಂಬರ್ ಹೊಸ ಕಡೆ ರಿಂಗ್ ಆಗುವ ತನಕ ಹಳೆಯದನ್ನು ಮುಟ್ಟಬೇಡಿ.

"ಎನ್‌ಬಿಎನ್ ಎಲ್ಲ ಕಡೆ ಬಂದಾಯಿತಲ್ಲ, ಈಗ ಯಾರು ಬದಲಿಸುತ್ತಾರೆ?" ಎಂದು ಕೇಳಬಹುದು. ಮನೆ ಬದಲಿಸುವವರು, ಮೆಲ್ಬರ್ನ್‌ನ ಟಾರ್ನೀಟ್ ಅಥವಾ ಸಿಡ್ನಿಯ ಮಾರ್ಸ್‌ಡನ್ ಪಾರ್ಕ್ ಕಡೆ ಹೊಸ ಮನೆ ಕಟ್ಟಿಸಿ ಒಳಗೆ ಹೋಗುವವರು, ಇಷ್ಟು ದಿನ 4ಜಿ, 5ಜಿ ಡಬ್ಬಿಯಲ್ಲೇ ಕಾಲ ಹಾಕಿದವರು, ಹಳೆ ತಾಮ್ರದ ತಂತಿಯಿಂದ ಫೈಬರ್‌ಗೆ ಏರುವವರು, ಹಳ್ಳಿ ಕಡೆ ಇನ್ನೂ ಎಡಿಎಸ್‌ಎಲ್ (ಹಳೆ ಫೋನ್ ತಂತಿಯ ಇಂಟರ್ನೆಟ್) ಇಟ್ಟುಕೊಂಡವರು. ಇವರೆಲ್ಲರ ಹಾದಿ ಹೆಚ್ಚುಕಡಿಮೆ ಒಂದೇ.

ಮೊದಲು ಯಾರು ಯಾರು ಎಂದು ತಿಳಿಯಿರಿ

ಬೆಂಗಳೂರಿನಲ್ಲಿ ಎಸಿಟಿ ಬೇಕೆಂದರೆ ಎಸಿಟಿಯವರು ತಂತಿ ತರುತ್ತಾರೆ, ಜಿಯೋ ಬೇಕೆಂದರೆ ಜಿಯೋದವರು ಇನ್ನೊಂದು ತಂತಿ ಎಳೆಯುತ್ತಾರೆ. ಇಲ್ಲಿ ಹಾಗಲ್ಲ. ಮನೆಗೆ ಬರುವ ತಂತಿ ಸರ್ಕಾರಿ ಒಡೆತನದ ಎನ್‌ಬಿಎನ್ ಕಂಪನಿಯದು. ಅದು ಮನೆಯವರಿಗೆ ನೇರವಾಗಿ ಏನನ್ನೂ ಮಾರುವುದಿಲ್ಲ. ಟೆಲ್‌ಸ್ಟ್ರಾ, ಆಪ್ಟಸ್, ಟಿಪಿಜಿ, ಆಸಿ ಬ್ರಾಡ್‌ಬ್ಯಾಂಡ್, ಸೂಪರ್‌ಲೂಪ್ ಇತ್ಯಾದಿ ಕಂಪನಿಗಳು ಅದೇ ತಂತಿಯನ್ನು ಸಗಟು ದರಕ್ಕೆ ಪಡೆದು ನಿಮಗೆ ಮಾರುತ್ತವೆ. ದೂರು, ಬಿಲ್ಲು, ಅಪಾಯಿಂಟ್‌ಮೆಂಟ್ ಎಲ್ಲಕ್ಕೂ ನೀವು ಮಾತಾಡಬೇಕಾದ್ದು ಈ ಕಂಪನಿಗಳ ಜೊತೆ. ಕಂಪನಿ ಬದಲಿಸಿದ ಮಾತ್ರಕ್ಕೆ ತಂತಿ ಬದಲಾಗುವುದಿಲ್ಲ ಎಂಬುದನ್ನೂ ನೆನಪಿಡಿ. ತಂತಿಯೇ ಸೊರಗಿದ್ದರೆ ಯಾವ ಕಂಪನಿಯ ಜಾಹೀರಾತೂ ಅದನ್ನು ಸರಿ ಮಾಡದು.

2009ರಲ್ಲಿ ಕೆವಿನ್ ರಡ್ ಸರ್ಕಾರ ಈ ಯೋಜನೆ ತಂದಾಗ 90% ಮನೆಗಳಿಗೆ ನೇರ ಫೈಬರ್ ಎಂಬ ಲೆಕ್ಕವಿತ್ತು. 2013ರಲ್ಲಿ ಸರ್ಕಾರ ಬದಲಾದ ಮೇಲೆ ಖರ್ಚು ಮತ್ತು ಸಮಯ ಉಳಿಸಲೆಂದು ಇರುವ ತಾಮ್ರದ ತಂತಿ, ಕೇಬಲ್ ಟೀವಿ ತಂತಿಗಳನ್ನೂ ಬಳಸುವ ಮಿಶ್ರ ವ್ಯವಸ್ಥೆ ಬಂತು. 2020ರ ಡಿಸೆಂಬರ್‌ನಲ್ಲಿ "ಕಟ್ಟಿ ಮುಗಿಯಿತು" ಎಂದು ಘೋಷಣೆಯಾಯಿತು. ಆದರೆ ಮಿಶ್ರಣ ಮಿಶ್ರಣವಾಗಿಯೇ ಉಳಿಯಿತು. ಹಾಗಾಗಿ ನಿಮ್ಮ ಬೀದಿಯಲ್ಲಿ ಒಂದು ತರಹ, ಹಿಂದಿನ ಬೀದಿಯ ಸ್ನೇಹಿತರ ಮನೆಯಲ್ಲಿ ಇನ್ನೊಂದು ತರಹ. ಅವರಿಗೆ ಏನು ಚೆನ್ನಾಗಿ ಬಂತೋ ಅದೇ ನಿಮಗೂ ಬರುತ್ತದೆ ಎಂದುಕೊಳ್ಳುವ ಹಾಗಿಲ್ಲ.

ಹೆಜ್ಜೆ 1: ನಿಮ್ಮ ಮನೆಗೆ ಯಾವ ತಂತಿ?

ಎನ್‌ಬಿಎನ್ ವೆಬ್‌ಸೈಟಿನಲ್ಲಿ ವಿಳಾಸ ಹಾಕಿದರೆ ತಂತ್ರಜ್ಞಾನದ ಹೆಸರು ಬರುತ್ತದೆ. ಇವುಗಳಲ್ಲಿ ಒಂದಿರುತ್ತದೆ:

ಎಫ್‌ಟಿಟಿಪಿ: ಫೈಬರ್ ಮನೆಯೊಳಕ್ಕೇ ಬರುತ್ತದೆ. ಗೋಡೆಯ ಮೇಲೆ ಎನ್‌ಬಿಎನ್‌ನ ಬಿಳಿ ಪೆಟ್ಟಿಗೆ ಇರುತ್ತದೆ. ಇದು ಸಿಕ್ಕವರು ಪುಣ್ಯವಂತರು.

ಎಚ್‌ಎಫ್‌ಸಿ: ಹಳೆ ಕೇಬಲ್ ಟೀವಿಯ ದಪ್ಪ ತಂತಿ. ವೇಗ ಚೆನ್ನಾಗಿಯೇ ಬರುತ್ತದೆ. 2017ರ ಕೊನೆಗೆ ಲೈನ್ ಪದೇಪದೇ ಕಡಿದುಹೋಗುವ ತೊಂದರೆಯಿಂದ ಹೊಸ ಸಂಪರ್ಕಗಳನ್ನೇ ಕೆಲಕಾಲ ನಿಲ್ಲಿಸಿದ್ದರು. ಆ ಹಳೆ ಕೆಟ್ಟ ಹೆಸರನ್ನು ಇವತ್ತು ಲೆಕ್ಕಕ್ಕೆ ತೆಗೆದುಕೊಳ್ಳಬೇಕಿಲ್ಲ.

ಎಫ್‌ಟಿಟಿಸಿ: ಫೈಬರ್ ಮನೆಯೆದುರಿನ ಗುಂಡಿಯವರೆಗೆ, ಅಲ್ಲಿಂದ ಒಳಗೆ ತಾಮ್ರ. ಫೋನ್ ಸಾಕೆಟ್‌ಗೆ ಒಂದು ಪುಟ್ಟ ಎನ್‌ಬಿಎನ್ ಪೆಟ್ಟಿಗೆ ಸಿಕ್ಕಿಸಬೇಕು.

ಎಫ್‌ಟಿಟಿಎನ್: ಫೈಬರ್ ಬೀದಿ ಕೊನೆಯ ಹಸಿರು ಪೆಟ್ಟಿಗೆಯವರೆಗೆ ಮಾತ್ರ. ಅಲ್ಲಿಂದ ಹಳೆ ಫೋನ್ ತಂತಿ. ಪೆಟ್ಟಿಗೆ ದೂರವಾದಷ್ಟೂ ವೇಗ ಕಡಿಮೆ. ಅಪಾರ್ಟ್‌ಮೆಂಟ್‌ಗಳಲ್ಲಿ ಇದರ ತಮ್ಮ ಎಫ್‌ಟಿಟಿಬಿ: ಫೈಬರ್ ಕಟ್ಟಡದ ಬುಡದವರೆಗೆ ಬರುತ್ತದೆ.

ಊರಾಚೆ ಇರುವವರಿಗೆ ಟವರ್‌ನಿಂದ ಬರುವ ಫಿಕ್ಸೆಡ್ ವೈರ್‌ಲೆಸ್, ಇನ್ನೂ ದೂರದವರಿಗೆ ಸ್ಕೈ ಮಸ್ಟರ್ ಉಪಗ್ರಹ. ಉಪಗ್ರಹ ಸುಮಾರು 36,000 ಕಿ.ಮೀ. ಎತ್ತರದಲ್ಲಿರುವುದರಿಂದ ಮಾತು ಹೋಗಿ ಬರಲು ಅರ್ಧ ಸೆಕೆಂಡಿಗಿಂತ ಹೆಚ್ಚು ಹಿಡಿಯುತ್ತದೆ. ಇಬ್ಬರೂ ಒಟ್ಟಿಗೆ ಮಾತಾಡಿ ಇಬ್ಬರೂ ನಿಲ್ಲಿಸುವ ಫಜೀತಿ ಅದರಿಂದಲೇ. ಈ ಎರಡು ಪ್ರದೇಶಗಳಲ್ಲಿ ಟೆಲ್‌ಸ್ಟ್ರಾದ ತಾಮ್ರದ ಫೋನ್ ಲೈನನ್ನು ಎನ್‌ಬಿಎನ್ ಬಂತೆಂದು ಕಡಿಯುವುದಿಲ್ಲ. ಬೇರೆ ಕಡೆಗಳಲ್ಲಿ ಎನ್‌ಬಿಎನ್ ಸಿದ್ಧವಾದ 18 ತಿಂಗಳಿಗೆ ಹಳೆ ಜಾಲ ಬಂದ್ ಆಗುವುದು ನಿಯಮವಾಗಿತ್ತು. ನೀವು ಅಂಥ ಕಡೆ ಇದ್ದರೆ, ಮೊಬೈಲ್ ಸಿಗ್ನಲ್ಲೂ ಸರಿಯಿಲ್ಲದಿದ್ದರೆ, ಇಂಟರ್ನೆಟ್ ಮಾತ್ರ ಬದಲಿಸಿ ತಾಮ್ರದ ಫೋನನ್ನು ಹಾಗೇ ಇಟ್ಟುಕೊಳ್ಳಿ ಎಂದೇ ನನ್ನ ಸಲಹೆ.

ಹೊಸ ಬಡಾವಣೆಯವರಿಗೆ ಎರಡು ಮಾತು. ಒಂದು, ಕೆಲವು ಎಸ್ಟೇಟ್‌ಗಳಲ್ಲಿ ಎನ್‌ಬಿಎನ್ ಇರುವುದೇ ಇಲ್ಲ, ಆಪ್ಟಿಕಾಮ್‌ನಂಥ ಬೇರೆ ಫೈಬರ್ ಜಾಲ ಇರುತ್ತದೆ. ಆಗ ಆ ಜಾಲದಲ್ಲಿ ಮಾರುವ ಕಂಪನಿಯನ್ನೇ ಹುಡುಕಬೇಕು. ಎರಡು, ಬಿಲ್ಡರ್ ಕಾಗದದಲ್ಲಿ ಲಾಟ್ ನಂಬರ್ ಇರುತ್ತದೆ, ಕೌನ್ಸಿಲ್ ಕೊಟ್ಟ ಮನೆ ನಂಬರ್ ಬೇರೆ ಇರುತ್ತದೆ. ಲಾಟ್ 18 ಅಂತ ಹುಡುಕಬೇಕಾದಲ್ಲಿ ಮನೆ ನಂಬರ್ 18 ಅಂತ ಆರ್ಡರ್ ಮಾಡಿದರೆ ಟೆಕ್ನಿಶಿಯನ್ ಹೋಗಿ ಇನ್ಯಾರದೋ ಬಾಗಿಲು ಬಡಿಯುತ್ತಾನೆ. ವಿಳಾಸ ಹೊಂದದಿದ್ದರೆ ಕಂಪನಿಯವರನ್ನು ಲೊಕೇಶನ್ ಐಡಿ ಕೇಳಿ. ಎನ್‌ಬಿಎನ್ ಪ್ರತಿ ಮನೆಗೂ ಅಂಥದ್ದೊಂದು ಗುರುತು ಕೊಟ್ಟಿರುತ್ತದೆ. ಹೊಸ ಮನೆಯ ಮೊದಲ ಸಂಪರ್ಕಕ್ಕೆ ಹೊಸ ಬಡಾವಣೆ ಶುಲ್ಕ ಬೀಳುತ್ತದೆಯೇ, ಬಿದ್ದರೆ ಎಷ್ಟು, ಎಂಬುದನ್ನೂ ಆರ್ಡರ್‌ಗೆ ಮುಂಚೆಯೇ ಕೇಳಿಬಿಡಿ.

ಹೆಜ್ಜೆ 2: ಮನೆಯಲ್ಲಿ ಫೋನ್ ಲೈನಿಗೆ ಏನೇನು ನೇತುಬಿದ್ದಿದೆ ಎಂದು ನೋಡಿ

ಕಂಪ್ಯೂಟರ್, ಟೀವಿ ಎಲ್ಲರಿಗೂ ಹೊಳೆಯುತ್ತದೆ. ಮರೆತುಹೋಗುವುದು ಗೋಡೆಯ ಮೇಲಿನ ಕಳ್ಳರ ಅಲಾರ್ಮು, ಅಂಗಡಿಯವರಾದರೆ ಕಾರ್ಡಿನಲ್ಲಿ ದುಡ್ಡು ಪಡೆಯುವ ಎಫ್ಟ್‌ಪಾಸ್ ಯಂತ್ರ, ಫ್ಯಾಕ್ಸ್, ಅಪಾರ್ಟ್‌ಮೆಂಟ್ ಸಮಿತಿಯಲ್ಲಿದ್ದರೆ ಲಿಫ್ಟ್ ಒಳಗಿನ ತುರ್ತು ಫೋನ್, ಬೆಂಕಿ ಎಚ್ಚರಿಕೆಯ ಪ್ಯಾನೆಲ್. ಎಲ್ಲಕ್ಕಿಂತ ಮುಖ್ಯ, ವಯಸ್ಸಾದ ಅಪ್ಪ ಅಮ್ಮನ ಕೊರಳಲ್ಲಿರುವ ಮೆಡಿಕಲ್ ಅಲಾರ್ಮಿನ ಬಟನ್. ಹಳೆ ತಾಮ್ರದ ಲೈನಿಗೆ ಎಕ್ಸ್‌ಚೇಂಜಿನಿಂದಲೇ ವಿದ್ಯುತ್ ಬರುತ್ತಿತ್ತು, ಕರೆಂಟ್ ಹೋದರೂ ಫೋನ್ ಬದುಕಿರುತ್ತಿತ್ತು. ಎನ್‌ಬಿಎನ್‌ನಲ್ಲಿ ಕರೆಂಟ್ ಹೋದರೆ ಮೋಡೆಮ್ ಸತ್ತಿತು, ಅದರ ಹಿಂದೆಯೇ ಫೋನು, ಅಲಾರ್ಮು. ತುರ್ತು ನಂಬರ್ 000ಗೂ ಆ ಫೋನಿನಿಂದ ಕರೆ ಹೋಗದು.

ಮೆಡಿಕಲ್ ಅಲಾರ್ಮ್ ಇದ್ದರೆ ಪ್ಲಾನ್ ಹುಡುಕುವ ಮುನ್ನವೇ ಅಲಾರ್ಮ್ ಕಂಪನಿಗೆ ಫೋನ್ ಮಾಡಿ: "ನಮ್ಮ ಯಂತ್ರ ಎನ್‌ಬಿಎನ್ ಮೇಲೆ ನಡೆಯುತ್ತದಾ? ಸಿಮ್ ಇರುವುದು ಬೇಕಾ?" ಸಿಮ್ ಇರುವ ಹಳೆ ಯಂತ್ರವಾದರೆ ಅದು 3ಜಿಯದ್ದೇ ಎಂದೂ ಕೇಳಿ. ಆಸ್ಟ್ರೇಲಿಯಾದಲ್ಲಿ 3ಜಿ 2024ರಲ್ಲೇ ನಿಂತಿದೆ. ದೀಪ ಉರಿಯುತ್ತಿದ್ದರೂ ಕರೆ ಹೋಗದ ಯಂತ್ರ, ಯಂತ್ರವೇ ಇಲ್ಲದಿರುವುದಕ್ಕಿಂತ ಅಪಾಯ. ಆಮೇಲೆ ಎನ್‌ಬಿಎನ್‌ನ ಮೆಡಿಕಲ್ ಅಲಾರ್ಮ್ ರಿಜಿಸ್ಟರಿನಲ್ಲಿ ಹೆಸರು ಬರೆಸಿ. ಎನ್‌ಬಿಎನ್ ದೂರವಾಣಿ 1800 687 626. ಜೀವಕ್ಕೆ ಅಪಾಯವಿರುವ ಕಾಯಿಲೆ ಮನೆಯಲ್ಲಿದ್ದರೆ ಪ್ರಯಾರಿಟಿ ಅಸಿಸ್ಟೆನ್ಸ್ ಎಂಬ ಸೌಲಭ್ಯವಿದೆ, ರಿಪೇರಿಗೆ ಮೊದಲ ಸರದಿ ಸಿಗುತ್ತದೆ. ಟೆಲ್‌ಸ್ಟ್ರಾ ಕೊಡುತ್ತದೆ, ಎಲ್ಲ ಕಂಪನಿಗಳೂ ಕೊಡುವುದಿಲ್ಲ. ಕೊಡುತ್ತೀರಾ ಎಂದು ನೇರವಾಗಿ ಕೇಳಿ.

ಯುಪಿಎಸ್ ಹಾಕಿಕೊಂಡರೆ ಆಗದೇ, ನಾವು ಬೆಂಗಳೂರಿನವರಲ್ಲವೇ ಎಂದರೆ, ಎಫ್‌ಟಿಟಿಪಿ ಮನೆಯಲ್ಲಿ ಆದೀತು: ಬಿಳಿ ಪೆಟ್ಟಿಗೆ, ರೂಟರ್ ಎರಡಕ್ಕೂ ಸಣ್ಣ ಯುಪಿಎಸ್ ಕೊಟ್ಟರೆ ಸಾಮಾನ್ಯವಾಗಿ ಸಾಗುತ್ತದೆ. ಉಳಿದ ತಂತ್ರಜ್ಞಾನಗಳಲ್ಲಿ ಭರವಸೆ ಇಡಬೇಡಿ. ಚಾರ್ಜ್ ಆದ ಮೊಬೈಲೊಂದು ಯಾವಾಗಲೂ ಮನೆಯಲ್ಲಿರಲಿ. ಸಾಧ್ಯವಾದರೆ ಅದು ಮನೆ ಇಂಟರ್ನೆಟ್‌ನ ಕಂಪನಿಯದ್ದಲ್ಲದೆ ಬೇರೆ ಜಾಲದ್ದಾಗಿರಲಿ.

ಹೆಜ್ಜೆ 3: ಲ್ಯಾಂಡ್‌ಲೈನ್ ಬೇಕೇ ಬೇಕಾ?

ಬಹಳ ಮನೆಗಳಿಗೆ ಬೇಡ ಎಂದೇ ಹೇಳುತ್ತೇನೆ. ವಾಟ್ಸಾಪ್ ಬಂದ ಮೇಲೆ ಇಂಡಿಯಾಕ್ಕೆ ಲ್ಯಾಂಡ್‌ಲೈನಿನಿಂದ ಮಾಡುವವರು ಕಡಿಮೆ. ಆದರೆ ಸ್ಮಾರ್ಟ್‌ಫೋನ್ ಒಗ್ಗದ ಹಿರಿಯರಿದ್ದರೆ, ಮನೆಯೊಳಗೆ ಮೊಬೈಲ್ ಸಿಗ್ನಲ್ ಇಲ್ಲದಿದ್ದರೆ, ಅಥವಾ ಆ ನಂಬರ್ ವ್ಯವಹಾರಕ್ಕೆ ಕೊಟ್ಟಿದ್ದರೆ ಇಟ್ಟುಕೊಳ್ಳಿ.

ಇಟ್ಟುಕೊಳ್ಳುವವರು ತಿಳಿಯಬೇಕಾದ್ದು: ಇನ್ನು ಮೇಲೆ ಫೋನ್ ಗೋಡೆಯ ಸಾಕೆಟ್‌ಗಲ್ಲ, ಮೋಡೆಮ್ ಹಿಂದಿರುವ ಫೋನ್ ಗುರುತಿನ ರಂಧ್ರಕ್ಕೆ ಸಿಕ್ಕಿಸಬೇಕು. ಅಡುಗೆಮನೆ, ಮಲಗುವ ಕೋಣೆಯ ಹಳೆ ಸಾಕೆಟ್‌ಗಳು ಸುಮ್ಮನೆ ಗೋಡೆಗೆ ಅಲಂಕಾರ. ಎರಡು ಮೂರು ಹ್ಯಾಂಡ್‌ಸೆಟ್ ಇರುವ ಕಾರ್ಡ್‌ಲೆಸ್ ಫೋನ್ ತಂದು ಅದರ ಮೂಲ ತೊಟ್ಟಿಲನ್ನು ಮೋಡೆಮ್ ಪಕ್ಕ ಇಟ್ಟರೆ ಸಮಸ್ಯೆ ಮುಗಿಯಿತು. ಕೆಲವು ದೊಡ್ಡ ಕಂಪನಿಗಳ ಫೋನ್ ಸೇವೆ ಅವರೇ ಕೊಟ್ಟ ಮೋಡೆಮ್‌ನಲ್ಲಿ ಮಾತ್ರ ನಡೆಯುತ್ತದೆ. ಸ್ವಂತ ರೂಟರ್ ಬಳಸಬೇಕೆಂದಿರುವವರು ಇದನ್ನು ಮೊದಲೇ ಖಚಿತಪಡಿಸಿಕೊಳ್ಳಿ.

ನಂಬರ್ ಹೊಸ ಕಂಪನಿಗೆ ಸಾಗಿಸಲು, ಅಂದರೆ ಪೋರ್ಟ್ ಮಾಡಲು, ಹಳೆ ಬಿಲ್ಲನ್ನು ಕೈಯಲ್ಲಿ ಹಿಡಿದೇ ಅರ್ಜಿ ತುಂಬಿ. ಬಿಲ್ಲಿನ ಮೇಲಿನ ಅಕೌಂಟ್ ನಂಬರ್, ಹೆಸರು ಎರಡೂ ಅಕ್ಷರಶಃ ಹೊಂದಬೇಕು. ನಮ್ಮವರು ಎಡವುವುದು ಇಲ್ಲೇ. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಸರ್‌ನೇಮ್ ಆಗಿದೆ, ಬಿಲ್ಲಿನಲ್ಲಿ ಇನಿಶಿಯಲ್ ಮಾತ್ರ, ಹೊಸ ಅರ್ಜಿಯಲ್ಲಿ ಊರಿನ ಹೆಸರೂ ಸೇರಿಕೊಂಡಿದೆ. ಅಥವಾ ಹಳೆ ಲೈನ್ ಯಜಮಾನರ ಹೆಸರಿನಲ್ಲಿ, ಹೊಸದು ಮನೆಯವರ ಹೆಸರಿನಲ್ಲಿ. ಇಷ್ಟಕ್ಕೇ ಪೋರ್ಟ್ ತಿರಸ್ಕಾರವಾಗುತ್ತದೆ. ಹೆಸರು ತಿದ್ದಬೇಕಿದ್ದರೆ ಹಳೆ ಕಂಪನಿಯಲ್ಲೇ ತಿದ್ದಿಸಿ, ಆಮೇಲೆ ಅರ್ಜಿ ಹಾಕಿ. ಮೆಲ್ಬರ್ನ್‌ನ 03 ನಂಬರನ್ನು ಸಿಡ್ನಿಗೆ ಮನೆ ಬದಲಿಸುವಾಗ ಸಾಮಾನ್ಯವಾಗಿ ಜೊತೆಗೆ ಒಯ್ಯಲಾಗದು.

ಹಳೆ ಕಂಪನಿ ಕೊಟ್ಟ ಇಮೇಲ್ ವಿಳಾಸವನ್ನು ಬ್ಯಾಂಕ್, ಮೈಗವ್ (ಸರ್ಕಾರಿ ಸೇವೆಗಳ ಆನ್‌ಲೈನ್ ಖಾತೆ), ವೀಸಾ ಕಾಗದಗಳಿಗೆ ಕೊಟ್ಟಿದ್ದೀರಾ? ಲೈನ್ ಬಿಟ್ಟ ಮೇಲೆ ಅದು ಉಳಿಯುತ್ತದೆಯೋ ಇಲ್ಲವೋ ಕೇಳಿ, ಈಗಲೇ ಜಿಮೇಲ್‌ನಂಥದ್ದಕ್ಕೆ ಬದಲಿಸಿ.

ಹೆಜ್ಜೆ 4: ಪ್ಲಾನ್ ಮತ್ತು ವೇಗ

ವೇಗವನ್ನು 50/20 ಎಂಬಂತೆ ಬರೆಯುತ್ತಾರೆ. ಮೊದಲಿನದು ಇಳಿಯುವ ವೇಗ, ಎರಡನೆಯದು ಏರುವ ವೇಗ, ಎರಡೂ ಮೆಗಾಬಿಟ್ ಲೆಕ್ಕ. 2025ರ ಸೆಪ್ಟೆಂಬರ್‌ನಲ್ಲಿ ಎಫ್‌ಟಿಟಿಪಿ, ಎಚ್‌ಎಫ್‌ಸಿ ಮನೆಗಳಿಗೆ 100/20ರ ದರ್ಜೆ 500/50 ಆಯಿತು, 250/25 ಇದ್ದದ್ದು 750/50 ಆಯಿತು. ತಾಮ್ರ ಇನ್ನೂ ಉಳಿದಿರುವ ಮನೆಗಳಿಗೆ ಆ ಭಾಗ್ಯವಿಲ್ಲ. ಅಲ್ಲಿ ಹೆಚ್ಚೆಂದರೆ 100ರ ಆಸುಪಾಸು, ತಂತಿ ಉದ್ದವಾಗಿದ್ದರೆ ಅದೂ ಇಲ್ಲ.

ಇಬ್ಬರು ಮನೆಯಿಂದ ಕೆಲಸ ಮಾಡಿ, ಮಕ್ಕಳು ಟೀವಿ ನೋಡುವ ಮನೆಗೆ 50/20 ಸಾಕಾಗುತ್ತದೆ. ಕಣ್ಣಿಡಬೇಕಾದ್ದು ಏರುವ ವೇಗದ ಮೇಲೆ. ಅಮ್ಮನಿಗೆ ನಿಮ್ಮ ಮುಖ ಚೌಕ ಚೌಕವಾಗಿ ಕಂಡರೆ ತಪ್ಪು ಬಹುಪಾಲು ಅಲ್ಲಿರುತ್ತದೆ. ಇನ್ನೊಂದು, ಪ್ರತಿ ಕಂಪನಿಯೂ ಸಂಜೆ 7ರಿಂದ 11ರ ನಡುವೆ ಸಾಮಾನ್ಯವಾಗಿ ಸಿಗುವ ವೇಗವನ್ನು ಪ್ರಕಟಿಸುತ್ತದೆ. ಹೋಲಿಸಬೇಕಾದ್ದು ಅದನ್ನೇ. ಸಿಡ್ನಿ, ಮೆಲ್ಬರ್ನ್‌ನಲ್ಲಿ ಚಳಿಗಾಲದ ಸಂಜೆ 7 ಎಂದರೆ ಬೆಂಗಳೂರಿನಲ್ಲಿ ಮಧ್ಯಾಹ್ನ 2:30. ಅಲ್ಲಿನ ಆಫೀಸ್ ಭರ್ತಿ ನಡೆಯುವ ಹೊತ್ತು, ಇಲ್ಲಿ ಇಡೀ ಬೀದಿ ನೆಟ್‌ಫ್ಲಿಕ್ಸ್ ಹಚ್ಚುವ ಹೊತ್ತು. ಬೆಂಗಳೂರಿನ ತಂಡದ ಜೊತೆ ಮೀಟಿಂಗ್ ಇರುವವರಿಗೆ ಬೆಳಗಿನ ವೇಗ ಕಟ್ಟಿಕೊಂಡು ಏನಾಗಬೇಕಿದೆ?

ಮೊದಲ ಆರು ತಿಂಗಳ ರಿಯಾಯಿತಿ ಮುಗಿದ ಮೇಲಿನ ದರ ಎಷ್ಟು, "ಉಚಿತ" ಮೋಡೆಮ್ ಬೇಗ ಬಿಟ್ಟರೆ ವಾಪಸ್ ಕೊಡಬೇಕೇ, ಎರಡನ್ನೂ ಆರ್ಡರ್‌ಗೆ ಮೊದಲು ಓದಿ.

ತಾಮ್ರದವರಿಗೆ: ಫೈಬರ್‌ಗೆ ಏರುವ ಅವಕಾಶ

ಎಫ್‌ಟಿಟಿಎನ್, ಎಫ್‌ಟಿಟಿಸಿ ಮನೆಗಳಲ್ಲಿ ಬಹಳಷ್ಟಕ್ಕೆ, ನಿಗದಿತ ವೇಗದ ಅಥವಾ ಅದಕ್ಕಿಂತ ಮೇಲಿನ ಪ್ಲಾನ್ ಆರ್ಡರ್ ಮಾಡಿದರೆ ಎನ್‌ಬಿಎನ್ ತನ್ನ ಖರ್ಚಿನಲ್ಲೇ ಫೈಬರ್ ಎಳೆದುಕೊಡುತ್ತದೆ. ಉಳಿದ ಸುಮಾರು 6,22,000 ಎಫ್‌ಟಿಟಿಎನ್ ವಿಳಾಸಗಳಿಗೂ 2030ರೊಳಗೆ ಎಂದು 2025ರ ಜನವರಿಯಲ್ಲಿ ಸರ್ಕಾರ 300 ಕೋಟಿ ಡಾಲರ್‌ವರೆಗೆ ಕೊಡುವ ಘೋಷಣೆ ಮಾಡಿದೆ. ವಿಳಾಸ ಹಾಕಿ ನೋಡುವಾಗಲೇ ಅರ್ಹತೆ ತಿಳಿಯುತ್ತದೆ. ಅರ್ಹರಾಗಿದ್ದರೆ ಹಳೆ ತಾಮ್ರಕ್ಕೆ ದುಬಾರಿ ವಿಡಿಎಸ್‌ಎಲ್ ಮೋಡೆಮ್ ತರುವ ಬದಲು ಇದನ್ನೇ ಮಾಡಿಸಿ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಲಿಖಿತವಾಗಿ ಬೇಕು, ಏಕೆಂದರೆ ಗೋಡೆಗೆ ತೂತು ಬೀಳುತ್ತದೆ. ಅಪಾರ್ಟ್‌ಮೆಂಟ್ ಆದರೆ ಸಮಿತಿಯ ಒಪ್ಪಿಗೆಯೂ.

ಕೆಲಸ ಹೆಚ್ಚಾಗಿ ಎರಡು ಭೇಟಿಯಲ್ಲಿ ನಡೆಯುತ್ತದೆ. ಒಮ್ಮೆ ಬೀದಿಯಿಂದ ಹೊರಗೋಡೆಯವರೆಗೆ, ಇನ್ನೊಮ್ಮೆ ಒಳಗೆ. ಒಳಗಿನ ಪೆಟ್ಟಿಗೆ ಎಲ್ಲಿ ಕೂರಬೇಕೆಂದು ಟೆಕ್ನಿಶಿಯನ್ ಬರುವ ಮೊದಲೇ ತೀರ್ಮಾನಿಸಿ. ಸುಮ್ಮನಿದ್ದರೆ ಅವನು ತನಗೆ ಸುಲಭವಾದ ಗ್ಯಾರೇಜ್ ಗೋಡೆಗೆ ಹೊಡೆದು ಹೋಗುತ್ತಾನೆ. ಹೊಸ ಮನೆಗಳಲ್ಲಂತೂ ಗ್ಯಾರೇಜಿನಲ್ಲೇ ಇರುವುದು ವಾಡಿಕೆ. ಅಲ್ಲೇ ರೂಟರನ್ನೂ ಇಟ್ಟರೆ ಮಹಡಿ ಮೇಲಿನ ಕೋಣೆಗೆ ವೈಫೈ ಹತ್ತುವುದಿಲ್ಲ. ಗ್ಯಾರೇಜಿನಿಂದ ಹಾಲ್‌ಗೆ ಒಂದು ಈಥರ್ನೆಟ್ ತಂತಿ ಎಳೆಸಿ, ರೂಟರನ್ನು ಹಾಲ್‌ನಲ್ಲಿಡಿ. ಈ ತಂತಿ ಕೆಲಸವನ್ನು ಪರವಾನಗಿ ಇರುವ ಕೇಬಲರ್‌ನಿಂದಲೇ ಮಾಡಿಸಬೇಕು. ಗೋಡೆಯೊಳಗಿನ ಡೇಟಾ ತಂತಿಯನ್ನು ನಾವೇ ಎಳೆದುಕೊಳ್ಳುವುದು ಇಲ್ಲಿ ಕಾನೂನಿಗೆ ವಿರುದ್ಧ.

ಹೆಜ್ಜೆ 5: ಮೋಡೆಮ್

ಎಫ್‌ಟಿಟಿಎನ್, ಎಫ್‌ಟಿಟಿಬಿಗೆ ವಿಡಿಎಸ್‌ಎಲ್2 ಮೋಡೆಮ್. ಉಳಿದೆಲ್ಲಕ್ಕೂ ವ್ಯಾನ್ ಪೋರ್ಟ್ (WAN, ಹೊರಗಿನ ಇಂಟರ್ನೆಟ್ ತಂತಿ ಸಿಕ್ಕಿಸುವ ರಂಧ್ರ) ಇರುವ ಸಾಮಾನ್ಯ ರೂಟರ್. ಹಳೆ ಎಡಿಎಸ್‌ಎಲ್ ಮೋಡೆಮ್ ಎಲ್ಲಿಗೂ ಬರುವುದಿಲ್ಲ. ಊರಿನಿಂದ ಸೂಟ್‌ಕೇಸಿನಲ್ಲಿ ತಂದ ಜಿಯೋ, ಬಿಎಸ್‌ಎನ್‌ಎಲ್ ಫೈಬರ್ ಪೆಟ್ಟಿಗೆಯನ್ನು ಎನ್‌ಬಿಎನ್ ಫೈಬರ್‌ಗೆ ನೇರ ಸಿಕ್ಕಿಸಲು ಹೋಗಬೇಡಿ, ನಡೆಯುವುದಿಲ್ಲ. ಎಫ್‌ಟಿಟಿಎನ್‌ನವರು ಹಳೆ ಎಡಿಎಸ್‌ಎಲ್ ಫಿಲ್ಟರ್‌ಗಳನ್ನು ಎಲ್ಲ ಸಾಕೆಟ್‌ಗಳಿಂದ ಕಿತ್ತುಬಿಡಿ. ಮನೆಗೆ ತಂತಿ ಬರುವ ಮೊದಲ ಸಾಕೆಟ್‌ಗೇ ಮೋಡೆಮ್ ಹಾಕಿ.

ಹೆಜ್ಜೆ 6: ಬದಲಾಗುವ ದಿನ

ಟೆಕ್ನಿಶಿಯನ್ ಬರುವುದಿದ್ದರೆ 18 ದಾಟಿದವರೊಬ್ಬರು ಮನೆಯಲ್ಲಿರಬೇಕು. ಅವನು ಎನ್‌ಬಿಎನ್ ಪರವಾಗಿ ಬಂದವನು, ನಿಮ್ಮ ವೈಫೈ ಪಾಸ್‌ವರ್ಡ್ ಹಾಕಿಕೊಡುವುದು ಅವನ ಕೆಲಸವಲ್ಲ. ಅಂದು ಮೊಬೈಲ್ ಹಾಟ್‌ಸ್ಪಾಟ್‌ಗೆ ಡೇಟಾ ಇರಲಿ, ಮುಖ್ಯ ಮೀಟಿಂಗ್ ಇಟ್ಟುಕೊಳ್ಳಬೇಡಿ.

ಎಫ್‌ಟಿಟಿಪಿ ಪೆಟ್ಟಿಗೆಯ ಕೆಳಗೆ ಯುಎನ್‌ಐ-ಡಿ 1, 2, 3, 4 ಎಂದು ಪೋರ್ಟ್‌ಗಳಿರುತ್ತವೆ. ಪ್ರತಿಯೊಂದೂ ಬೇರೆ ಬೇರೆ ಸಂಪರ್ಕ. ಕಂಪನಿ ಚಾಲೂ ಮಾಡಿದ ಪೋರ್ಟ್‌ಗೇ ರೂಟರ್‌ನ ವ್ಯಾನ್ ತಂತಿ ಹೋಗಬೇಕು. "ಇಂಟರ್ನೆಟ್ ಬರುತ್ತಿಲ್ಲ" ಎನ್ನುವ ಮನೆಗಳಲ್ಲಿ ಎಷ್ಟೋ ಸಲ ತಂತಿ ಒಂದು ರಂಧ್ರ ಆಚೆ ಇರುತ್ತದೆ. ನಾಲ್ಕು ಪೋರ್ಟ್ ಇರುವ ಪೆಟ್ಟಿಗೆಯಾದರೆ ಇದರಲ್ಲೊಂದು ಅನುಕೂಲವೂ ಉಂಟು: ಹಳೆ ಕಂಪನಿ 1ರಲ್ಲಿ ಓಡುತ್ತಿರುವಾಗಲೇ ಹೊಸದನ್ನು 2ರಲ್ಲಿ ಚಾಲೂ ಮಾಡಿಸಿ, ಎರಡನ್ನೂ ಪಕ್ಕಪಕ್ಕ ನೋಡಿ, ಆಮೇಲೆ ಹಳೆಯದನ್ನು ಬಿಡಬಹುದು. ಒಂದು ನಿಮಿಷವೂ ಇಂಟರ್ನೆಟ್ ನಿಲ್ಲುವುದಿಲ್ಲ.

ದೀಪ ಸರಿಯಾಗಿ ಉರಿದರೂ ಸಂಪರ್ಕ ಬರದಿದ್ದರೆ ರೂಟರ್ ಸೆಟ್ಟಿಂಗ್ ನೋಡಿ. ಕೆಲವು ಕಂಪನಿಗಳಿಗೆ ಯೂಸರ್‌ನೇಮ್, ಪಾಸ್‌ವರ್ಡ್ ಬೇಕು, ಕೆಲವಕ್ಕೆ ಬೇಡ. ಹಳೆ ಕಂಪನಿಯ ಸೆಟ್ಟಿಂಗ್ ಉಳಿದಿದ್ದರೆ ಹೊಸದು ಹತ್ತುವುದಿಲ್ಲ.

ಬಂದ ಮೇಲೆ ಪರೀಕ್ಷೆ. ಲ್ಯಾಪ್‌ಟಾಪನ್ನು ತಂತಿಯಲ್ಲೇ ರೂಟರ್‌ಗೆ ಜೋಡಿಸಿ ವೇಗ ನೋಡಿ, ಅದೇ ರಾತ್ರಿ 8ಕ್ಕೆ ಇನ್ನೊಮ್ಮೆ ನೋಡಿ. ಲ್ಯಾಂಡ್‌ಲೈನಿನಿಂದ ಮೊಬೈಲಿಗೆ, ಮೊಬೈಲಿನಿಂದ ಲ್ಯಾಂಡ್‌ಲೈನಿಗೆ ಎರಡೂ ಕಡೆ ಕರೆ ಮಾಡಿ. ಪರೀಕ್ಷೆಗೆಂದು 000 ಒತ್ತಬೇಡಿ. ಅಲಾರ್ಮ್ ಕಂಪನಿಗೆ ಹೇಳಿ ಬಟನ್ ಒತ್ತಿ, ಅವರ ಕಡೆ ಸದ್ದಾಯಿತೇ ಕೇಳಿ.

ಈ ದಿನಗಳಲ್ಲಿ "ಎನ್‌ಬಿಎನ್‌ನಿಂದ ಮಾತಾಡುತ್ತಿದ್ದೇವೆ, ನಿಮ್ಮ ಲೈನ್ ಇವತ್ತೇ ಕಡಿಯುತ್ತೇವೆ, ಕಂಪ್ಯೂಟರಿನಲ್ಲಿ ಎನಿಡೆಸ್ಕ್ ಹಾಕಿ" ಎಂಬ ಕರೆ ಬಂದರೆ ಇಟ್ಟುಬಿಡಿ. ಎನಿಡೆಸ್ಕ್ ಹಾಕಿದರೆ ಅವರು ದೂರದಿಂದಲೇ ನಿಮ್ಮ ಕಂಪ್ಯೂಟರ್ ನಡೆಸಬಹುದು. ಎನ್‌ಬಿಎನ್ ಹಾಗೆ ಕರೆಯುವುದಿಲ್ಲ. ಮನೆಯಲ್ಲಿ ಒಂಟಿಯಾಗಿರುವ ಅಪ್ಪ ಅಮ್ಮನಿಗೆ ಇದನ್ನು ಬಿಡಿಸಿ ಹೇಳಿ.

ಹೆಜ್ಜೆ 7: ಈಗ ಹಳೆಯದನ್ನು ಬಿಡಿ

ನಂಬರ್ ಪೋರ್ಟ್ ಆದಾಗ ಹಳೆ ಫೋನ್ ಸೇವೆ ತಾನಾಗಿ ಮುಗಿಯುತ್ತದೆ. ಅದರ ಜೊತೆಗಿದ್ದ ಇಂಟರ್ನೆಟ್ ಮುಗಿದಿದೆ ಎಂದುಕೊಳ್ಳಬೇಡಿ, ಬಿಲ್ಲು ತಣ್ಣಗೆ ಬರುತ್ತಲೇ ಇರಬಹುದು. ಹಳೆ ಕಂಪನಿಗೆ ಹೇಳಿ ರದ್ದು ಮಾಡಿಸಿ, ರದ್ದಾದ ತಾರೀಖು ಇಮೇಲಿನಲ್ಲಿ ತರಿಸಿಕೊಳ್ಳಿ. ಕೊನೆ ಬಿಲ್ಲು ಬಂದ ಮೇಲೆಯೇ ಡೈರೆಕ್ಟ್ ಡೆಬಿಟ್ ನಿಲ್ಲಿಸಿ. ಮೋಡೆಮ್ ವಾಪಸ್ ಮಾಡುವುದಿದ್ದರೆ ಪೋಸ್ಟ್ ಆಫೀಸಿನ ರಸೀದಿ ಇಟ್ಟುಕೊಳ್ಳಿ.

ತಕರಾರು ಬಂದರೆ ಮೊದಲು ಕಂಪನಿಗೆ ದೂರು ಕೊಟ್ಟು ದೂರಿನ ನಂಬರ್ ಪಡೆಯಿರಿ. ಬಗೆಹರಿಯದಿದ್ದರೆ ಫೋನ್, ಇಂಟರ್ನೆಟ್ ದೂರುಗಳನ್ನು ಬಗೆಹರಿಸುವ ಟೆಲಿಕಮ್ಯುನಿಕೇಶನ್ಸ್ ಇಂಡಸ್ಟ್ರಿ ಆಂಬುಡ್ಸ್‌ಮನ್‌ಗೆ ಹೋಗಿ, 1800 062 058. ದುಡ್ಡು ಕೊಡಬೇಕಿಲ್ಲ. ಇಂಗ್ಲಿಷಿನಲ್ಲಿ ವಿವರಿಸಲು ಕಷ್ಟಪಡುವ ಹಿರಿಯರು ಟಿಐಎಸ್ ದುಭಾಷಿ ಸೇವೆಗೆ, 131 450, ಕರೆ ಮಾಡಿ ಕನ್ನಡದವರನ್ನು ಕೇಳಬಹುದು. ದೂರಿನಲ್ಲಿ "ನೆಟ್ ಸರಿಯಿಲ್ಲ" ಎಂದಷ್ಟೇ ಬರೆದರೆ ಅದು ಅಲ್ಲೇ ಕೂರುತ್ತದೆ. ಯಾವ ದಿನ, ಎಷ್ಟು ಗಂಟೆಗೆ, ತಂತಿಯಲ್ಲಿ ಅಳೆದ ವೇಗ ಎಷ್ಟು, ಆಗ ಪೆಟ್ಟಿಗೆಯ ಯಾವ ದೀಪ ಯಾವ ಬಣ್ಣದಲ್ಲಿತ್ತು ಎಂದು ಬರೆದು, ದೀಪಗಳ ಫೋಟೋ ಲಗತ್ತಿಸಿ ಕಳಿಸಿ.